ಬ್ಯಾಗ್ ಹಂಚುವುದು ಬಿಟ್ಟು ಊರ ಶಾಲೆಗೆ ಏನು ಮಾಡಬಹುದು?

ನವಲಗುಂದದ ಗಣಿತದವಳು:
ನಾವು ಆರೇಳು ಜನ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗಣಿತ ಎಂ.ಎಸ್‌ಸಿ. ಓದಿದವರು. ಈಗ ಎಲ್ಲರೂ ನವಲಗುಂದ ತಾಲ್ಲೂಕಿನಲ್ಲೇ ಇದ್ದೇವೆ. ಇಬ್ಬರು ಪಿಯು ಉಪನ್ಯಾಸಕರು, ಒಬ್ಬರು ಎಲ್‌ಐಸಿಯಲ್ಲಿ, ಒಬ್ಬ ಹೊಲ ಮಾಡಿಸುತ್ತಾನೆ. ನಾನು ಮನೆಯಲ್ಲಿ ಟ್ಯೂಷನ್ ಹೇಳುತ್ತೇನೆ. ಊರಿನ ಸರ್ಕಾರಿ ಶಾಲೆಗೆ ಏನಾದರೂ ಮಾಡಬೇಕು ಅಂತ ವಾಟ್ಸಾಪ್ ಗ್ರೂಪಿನಲ್ಲಿ ಮಾತು ನಡೆದಿದೆ. ಆಗಸ್ಟ್ 15ಕ್ಕೆ ಬ್ಯಾಗ್, ನೋಟ್‌ಬುಕ್ ಕೊಡೋಣ ಅನ್ನುವವರೇ ಜಾಸ್ತಿ. ನನಗೆ ಅಷ್ಟಕ್ಕೆ ಸಮಾಧಾನ ಇಲ್ಲ. ನಾವು ಕಲಿತ ಗಣಿತ ಈ ಮಕ್ಕಳಿಗೂ ಸಿಗಬೇಕು ಅಲ್ವಾ? ಭಾನುವಾರ ಬೆಳಗ್ಗೆ ಎರಡು ತಾಸು ಕೊಡಬಲ್ಲೆವು. ಯಾವ ಕ್ಲಾಸಿಗೆ ಏನು ಹೇಳಿಕೊಡೋಣ?

ರೋಣದ ಮೇಷ್ಟ್ರು:
ಅಕ್ಕಾವ್ರೆ, ಎಂಟನೇ ಕ್ಲಾಸಿನ ಮಕ್ಕಳನ್ನು ಎನ್‌ಎಂಎಂಎಸ್ ಪರೀಕ್ಷೆಗೆ ತಯಾರು ಮಾಡಿ. ಬಡ ಮನೆಯ ಜಾಣ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನದ ಪರೀಕ್ಷೆ ಅದು. ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ನಾಲ್ಕು ವರ್ಷಕ್ಕೆ 48,000. ಮನೆಯ ವರಮಾನ ವರ್ಷಕ್ಕೆ 3.5 ಲಕ್ಷ ಮೀರಿರಬಾರದು, ಏಳನೇ ತರಗತಿಯಲ್ಲಿ ಶೇ. 55 ಅಂಕ ಇರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 5 ರಿಯಾಯಿತಿ ಇದೆ. ಕೂಲಿಗೆ ಹೋಗುವ ಮನೆಯಲ್ಲಿ ಹುಡುಗಿಯ ಓದು ಬಿಡಿಸುವ ಮಾತು ಬಂದಾಗ ಈ ದುಡ್ಡು ಅವಳ ಪರವಾಗಿ ನಿಲ್ಲುತ್ತದೆ. ನಾನು ಕಣ್ಣಾರೆ ಕಂಡಿದ್ದೇನೆ.

ಎರಡು ಪತ್ರಿಕೆ ಇರುತ್ತವೆ. ಒಂದೊಂದರಲ್ಲಿ 90 ಪ್ರಶ್ನೆ, 90 ನಿಮಿಷ. ಎರಡನೆಯದು ವಿಜ್ಞಾನ, ಸಮಾಜ, ಗಣಿತ. ಅದನ್ನು ಶಾಲೆಯಲ್ಲಿ ನಾವು ಹೇಗೋ ಮಾಡಿಸುತ್ತೇವೆ. ಮೊದಲನೆಯದು ಬುದ್ಧಿಶಕ್ತಿಯ ಪತ್ರಿಕೆ. ಸಂಖ್ಯಾ ಸರಣಿ, ಕೋಡಿಂಗ್ (ಅಕ್ಷರ, ಅಂಕಿಗಳ ಸಂಕೇತ ಬಿಡಿಸುವುದು), ಗುಂಪಿಗೆ ಸೇರದ ಆಕೃತಿ ಹುಡುಕುವುದು, ಹೀಗೆ. ಇದು ಯಾವ ಪಠ್ಯಪುಸ್ತಕದಲ್ಲೂ ಪಾಠವಾಗಿ ಇಲ್ಲ. ಬರೀ ಅಭ್ಯಾಸದಿಂದ ಬರುವಂಥದ್ದು. ಪಟ್ಟಣದ ಮಕ್ಕಳಿಗೆ ಕೋಚಿಂಗ್ ಸಿಗುತ್ತದೆ, ನಮ್ಮವರಿಗೆ ಇಲ್ಲ. ನಿಮ್ಮಂಥವರು ಬೇಕಾಗಿರುವುದು ಇಲ್ಲೇ.

ಸರಣಿ ಕೊಟ್ಟಾಗ ಉತ್ತರ ಹೇಳಿಬಿಡಬೇಡಿ. 2, 6, 12, 20 ಅಂತ ಬೋರ್ಡ್ ಮೇಲೆ ಬರೆದು ಸುಮ್ನೆ ನಿಲ್ಲಿ. ವ್ಯತ್ಯಾಸ 4, 6, 8 ಅಂತ ಒಬ್ಬಳು ಹೇಳುತ್ತಾಳೆ. ಇನ್ನೊಬ್ಬ ಒಂದೆರಡ್ಲೆ ಎರಡು, ಎರಡ್ಮೂರ್ಲೆ ಆರು ಅನ್ನುತ್ತಾನೆ. ಎರಡೂ ದಾರಿ ಬೋರ್ಡಿಗೆ ಬರಲಿ. ಜೊತೆಗೆ ಒಎಂಆರ್ ಹಾಳೆ, ಅಂದರೆ ಉತ್ತರದ ವೃತ್ತ ತುಂಬುವ ಹಾಳೆ, ಜೆರಾಕ್ಸ್ ಮಾಡಿಸಿ ಕೊಡಿ. ಎಷ್ಟೋ ಮಕ್ಕಳು ಆ ಹಾಳೆಯನ್ನು ಮೊದಲ ಸಲ ನೋಡುವುದು ಪರೀಕ್ಷೆ ಕೊಠಡಿಯಲ್ಲೇ. ಒಂದು ಸಾಲು ತಪ್ಪಿದರೆ ಕೆಳಗಿನದೆಲ್ಲ ತಪ್ಪುತ್ತದೆ. ಬ್ಯಾಗಿಗೆ ಕೂಡಿಸಿದ ದುಡ್ಡು ಇದಕ್ಕೆ ಹಾಕಿ.

ಬ್ಯಾಂಕ್ ಕೌಂಟರಿನಿಂದ:
ಮೇಷ್ಟ್ರು ಹೇಳಿದ್ದು ಸರಿ. ಪಾಸಾದ ಮೇಲಿನ ಕೆಲಸವನ್ನೂ ಯಾರಾದರೂ ಹಿಡಿದುಕೊಳ್ಳಿ. ಆಧಾರ್‌ನಲ್ಲಿ ಒಂದು ಹೆಸರು, ಶಾಲೆ ದಾಖಲೆಯಲ್ಲಿ ಇನ್ನೊಂದು ಇದ್ದರೆ ದುಡ್ಡು ನಿಲ್ಲುತ್ತದೆ. ಮಗುವಿನ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಎಲ್ಲಕ್ಕಿಂತ ದೊಡ್ಡ ತೊಡಕು ನವೀಕರಣದ್ದು. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಪ್ರತಿ ವರ್ಷ ಮತ್ತೆ ಅರ್ಜಿ ಹಾಕಬೇಕು. ಎಂಟನೇ ತರಗತಿ ಮುಗಿಸಿ ಮಗು ಬೇರೆ ಹೈಸ್ಕೂಲಿಗೆ ಹೋದರೆ ಹಳೆ ಶಾಲೆಯವರ ಕಣ್ಣಿಗೆ ಬೀಳುವುದಿಲ್ಲ, ಹೊಸ ಶಾಲೆಯವರಿಗೆ ವಿಷಯ ಗೊತ್ತಿರುವುದಿಲ್ಲ. ಅಪ್ಪ ಅಮ್ಮನಿಗೆ ಪೋರ್ಟಲ್ ಅಂದರೇನೇ ತಿಳಿಯದು. ನಿಮ್ಮ ಎಲ್‌ಐಸಿ ಗೆಳೆಯರಿಗೆ ಹೇಳಿ, ಆಯ್ಕೆಯಾದ ಮಕ್ಕಳ ಪಟ್ಟಿ ಇಟ್ಟುಕೊಂಡು ಪಿಯು ಮುಗಿಯುವವರೆಗೂ ವಿಚಾರಿಸುತ್ತಿರಲಿ.

ನವಲಗುಂದದ ಗಣಿತದವಳು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನವೀಕರಣದ ವಿಷಯ ನಮಗೆ ಹೊಳೆದೇ ಇರಲಿಲ್ಲ. ಗ್ರೂಪಿಗೆ ಹಾಕಿದ ಕೂಡಲೇ ಎಲ್‌ಐಸಿಯವರು ಪಟ್ಟಿ ನನ್ನ ಜವಾಬ್ದಾರಿ ಅಂದರು. ಸರ್, ಅನುಮತಿ ಯಾರ ಹತ್ತಿರ ಕೇಳಬೇಕು? ಭಾನುವಾರ ಹೆಣ್ಣುಮಕ್ಕಳನ್ನು ಕಳಿಸುತ್ತಾರಾ?

ರೋಣದ ಮೇಷ್ಟ್ರು:
ಮೊದಲು ಹೆಡ್‌ಮಾಸ್ಟರ್‌ಗೆ ಒಂದು ಪತ್ರ ಕೊಡಿ. ಅವರೇ ಎಸ್‌ಡಿಎಂಸಿ, ಅಂದರೆ ಪಾಲಕರೂ ಇರುವ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಇಡುತ್ತಾರೆ. ಆ ಸಭೆಗೆ ನೀವೂ ಹೋಗಿ, ಪಾಲಕರು ಮುಖ ನೋಡಿ ನಂಬುತ್ತಾರೆ. ಕ್ಲಾಸ್ ಯಾರ ಮನೆಯಲ್ಲೂ ಬೇಡ, ಶಾಲೆಯಲ್ಲೇ ಇರಲಿ. ಪ್ರತಿ ಸಲ ನಿಮ್ಮವರು ಇಬ್ಬರು ಇರಬೇಕು, ಅದರಲ್ಲಿ ಒಬ್ಬರು ಹೆಂಗಸರು. ಹೀಗಿದ್ದರೆ ಕಳಿಸುತ್ತಾರೆ. ಹತ್ತಿ ಬಿಡಿಸುವ ಕಾಲಕ್ಕೆ ಮಾತ್ರ ಮಕ್ಕಳು ಹೊಲಕ್ಕೆ ಹೋಗುತ್ತಾರೆ, ಆಗ ಹಾಜರಿ ಇಳಿಯುತ್ತದೆ. ಅದಕ್ಕೇ ಜೂನ್‌ನಲ್ಲೇ ಶುರು ಮಾಡಿ. ಹಳೆ ಪ್ರಶ್ನೆಪತ್ರಿಕೆಗಳು ನನ್ನ ಹತ್ತಿರ ಇವೆ, ಕಳಿಸಿಕೊಡುತ್ತೇನೆ.