‘ಹಲೋ ಹೇಳು’ ಅಂದರೆ ಅಪ್ಪನ ಹಿಂದೆ ಅವಿತುಕೊಳ್ಳುವ ಮಗಳು

ಪುಟ್ಟಿಯ ಅಪ್ಪ:
ಮಗಳಿಗೆ ಮೂರೂವರೆ ವರ್ಷ. ಮನೆಯಲ್ಲಿ ಬಾಯಿ ಮುಚ್ಚುವುದಿಲ್ಲ. ಆದರೆ ಯಾರಾದರೂ ಎದುರಾಗಿ ‘ಏನಮ್ಮ, ಹೇಗಿದ್ದೀಯ?’ ಅಂದರೆ ಸಾಕು, ನನ್ನ ಪ್ಯಾಂಟು ಹಿಡಿದು ಮುಖ ಮುಚ್ಚಿಕೊಳ್ಳುತ್ತಾಳೆ. ‘ಹೇಳು, ಹೇಳು’ ಅಂತ ಒತ್ತಾಯ ಮಾಡಿದಷ್ಟೂ ಜಾಸ್ತಿ. ಬಂದವರು ‘ಎಷ್ಟು ಜಂಬ ನೋಡು’ ಅಂತಾರೆ. ಸುಮ್ನೆ ಬಿಟ್ಟುಬಿಡೋದಾ, ಕಲಿಸೋದಾ?

ಶಿಶುವಿಹಾರದ ಟೀಚರ್:
ಜಂಬ ಅಲ್ಲ, ಹೆದರಿಕೆ. ದೊಡ್ಡವರೆಲ್ಲ ತನ್ನ ಬಾಯನ್ನೇ ನೋಡುತ್ತಾ ನಿಂತರೆ ಯಾವ ಮಗುವಿಗೆ ಮಾತು ಬರುತ್ತದೆ? ಎಲ್ಲರ ಎದುರು ‘ಹೇಳು’ ಅನ್ನುವುದನ್ನು ಮೊದಲು ನಿಲ್ಲಿಸಿ. ಬಾಗಿಲು ತಟ್ಟುವ ಮುಂಚೆಯೇ ‘ಒಳಗೆ ಇಬ್ಬರು ಇರ್ತಾರೆ, ಕೈ ಬೀಸ್ತೀಯಾ, ಹಲೋ ಅಂತೀಯಾ, ನೀನೇ ಹೇಳು’ ಅಂತ ಕೇಳಿ. ಒಳಗೆ ಹೋದ ಮೇಲೆ ನೀವು ನಗುನಗುತ್ತಾ ಮಾತಾಡಿಸಿ, ಅವಳು ನೋಡುತ್ತಿರಲಿ. ನಮ್ಮಲ್ಲಿ ಒಬ್ಬ ಹುಡುಗ ಬೆಳಿಗ್ಗೆ ಬಂದವನೇ ಏನೂ ಹೇಳದೆ ಆಟದ ಕಾರನ್ನು ನನ್ನ ಮೂಗಿನ ಹತ್ತಿರ ಹಿಡಿಯುತ್ತಾನೆ. ನಾನು ಕಾರಿಗೂ ಗುಡ್ ಮಾರ್ನಿಂಗ್ ಹೇಳುತ್ತೇನೆ! ಈಗ ಕಾರಿನ ಪರವಾಗಿ ಅವನೇ ಉತ್ತರ ಕೊಡುತ್ತಾನೆ.

ಮೊಮ್ಮಕ್ಕಳ ತಾತ:
ಇಷ್ಟೆಲ್ಲಾ ಮುದ್ದು ಮಾಡಿದರೆ ಕಲಿಯೋದು ಯಾವಾಗ? ಎದುರಿಗೆ ಬಂದವರನ್ನು ಕಂಬ ದಾಟಿದ ಹಾಗೆ ದಾಟಿ ಹೋಗೋದು ಸರಿಯಲ್ಲ.

ಶಿಶುವಿಹಾರದ ಟೀಚರ್:
ತಾತ, ದಾಟಿ ಹೋಗಲಿ ಅಂತ ನಾನೂ ಹೇಳಿಲ್ಲ. ಏನಾದರೂ ಒಂದು ಮಾಡಲೇಬೇಕು, ನೋಡಿ ನಕ್ಕರೂ ಆಯಿತು. ಯಾವುದು ಅನ್ನೋದು ಮಾತ್ರ ಅವಳಿಗೆ ಬಿಟ್ಟದ್ದು. ಅಪ್ಪಿಕೋ, ಮುತ್ತು ಕೊಡು ಅಂತ ಬಲವಂತ ಮಾಡೋದಂತೂ ಬೇಡವೇ ಬೇಡ.

ಅವಳಿ ಮಕ್ಕಳ ಅಮ್ಮ:
ಹುಟ್ಟು ಸ್ವಭಾವವೂ ಇರುತ್ತದೆ. ಮನಶ್ಶಾಸ್ತ್ರಜ್ಞ ಜೆರೋಮ್ ಕೇಗನ್ 4 ತಿಂಗಳ ಕೂಸುಗಳನ್ನು ಪರೀಕ್ಷಿಸಿದಾಗ, ಸುಮಾರು ಐದರಲ್ಲಿ ಒಂದು ಕೂಸು ಹೊಸದನ್ನು ಕಂಡರೆ ಕೈಕಾಲು ಬಡಿದು ಅಳುತ್ತಿತ್ತು. ನನ್ನ ಇಬ್ಬರಲ್ಲಿ ಒಬ್ಬಳು ಊರಿಗೆಲ್ಲಾ ಟಾಟಾ ಮಾಡುತ್ತಾಳೆ, ಇನ್ನೊಬ್ಬಳು ಅರ್ಧ ಗಂಟೆ ಗಮನಿಸಿ ಆಮೇಲೆ ಮಾತಾಡುತ್ತಾಳೆ, ಬೆಳೆಸಿದ್ದು ಒಂದೇ ಥರ ಅಲ್ವಾ? ಒಂದು ಮಾತು, ಮನೆಯಲ್ಲಿ ಚೆನ್ನಾಗಿ ಮಾತಾಡುವ ಮಗು ಶಾಲೆಗೆ ಸೇರಿ ಮೊದಲ ತಿಂಗಳು ಕಳೆದ ಮೇಲೂ ಅಲ್ಲಿ ತುಟಿಯನ್ನೇ ಬಿಚ್ಚದಿದ್ದರೆ ಡಾಕ್ಟರಿಗೆ ತೋರಿಸಿ. ಅದು ಸೆಲೆಕ್ಟಿವ್ ಮ್ಯೂಟಿಸಮ್ ಇರಬಹುದು, ಅಂದರೆ ಕೆಲವು ಕಡೆ ಮಾತ್ರ ಮಾತೇ ಹೊರಡದ ಹಾಗೆ ಮಾಡುವ ಆತಂಕದ ತೊಂದರೆ, ಬರೀ ನಾಚಿಕೆ ಅಲ್ಲ.

ಪುಟ್ಟಿಯ ಅಪ್ಪ:
ಶಾಲೆಯಲ್ಲಿ ಮಾತಾಡುತ್ತಾಳೆ, ಆ ಚಿಂತೆ ಇಲ್ಲ. ಜಂಬ ಅನ್ನುವವರಿಗೆ ಏನು ಹೇಳಲಿ?

ಅವಳಿ ಮಕ್ಕಳ ಅಮ್ಮ:
‘ಸ್ವಲ್ಪ ಹೊತ್ತಲ್ಲಿ ಮಾತಾಡ್ತಾಳೆ ಬಿಡಿ’ ಅಂದು ಬೇರೆ ಮಾತು ತೆಗೆಯಿರಿ. ‘ಇವಳಿಗೆ ನಾಚಿಕೆ ಜಾಸ್ತಿ’ ಅಂತ ಮಾತ್ರ ಅವಳ ಎದುರಿಗೆ ಹೇಳಬೇಡಿ, ನಾಳೆಯಿಂದ ಅದನ್ನೇ ನೆಪ ಮಾಡಿಕೊಳ್ಳುತ್ತಾಳೆ.