ಹಿಂದಿನ ಡಿಫರೆನ್ಷಿಯಲ್ ಕ್ಲಚ್ ಬದಲಿಸಬೇಕೇ? ಜಮಖಂಡಿಯ ಪ್ರಶ್ನೆಗೆ ಬಂದ ಉತ್ತರಗಳು

ಪ್ರಶ್ನೆ, ಜಮಖಂಡಿಯಿಂದ:
ನಮ್ಮಲ್ಲಿ ಹಳೆಯ ಹೋಂಡಾ ಸಿಆರ್-ವಿ ಇದೆ, ನಾಲ್ಕೂ ಚಕ್ರಕ್ಕೆ ಎಳೆತವಿರುವ ಮಾದರಿ. ದೂರ ಓಡಿಸಿ ಬಂದು ಮನೆಯ ಮುಂದೆ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಹಿಂದಿನಿಂದ ಗರಗರ ಸದ್ದು ಬರುತ್ತದೆ, ಗಾಡಿ ನಡುಗುತ್ತದೆ. ಡಿಫರೆನ್ಷಿಯಲ್ ಕ್ಲಚ್ಚನ್ನೇ, ಅಂದರೆ ಹಿಂದಿನ ಚಕ್ರಗಳ ನಡುವಿನ ಗೇರ್ ಪೆಟ್ಟಿಗೆಯ ಒಳಗಿನ ಕ್ಲಚ್ಚನ್ನೇ, ಇಡಿಯಾಗಿ ಬದಲಿಸಬೇಕು ಎನ್ನುತ್ತಾರೆ ಗ್ಯಾರೇಜಿನವರು. ಖರ್ಚು ದೊಡ್ಡದು. ಮಾಡಿಸಿದವರಿದ್ದರೆ ದಯವಿಟ್ಟು ತಿಳಿಸಿ.

ಬೆಳಗಾವಿಯಿಂದ:
ಈಗಲೇ ಹೂಂ ಎನ್ನಬೇಡಿ. ಈ ಲಕ್ಷಣಕ್ಕೆ ಬಹಳಷ್ಟು ಸಲ ಕಾರಣ ಸತ್ವ ಕಳೆದುಕೊಂಡ ಡಿಫರೆನ್ಷಿಯಲ್ ಆಯಿಲ್. ನಮ್ಮ ಗಾಡಿಯಲ್ಲೂ ಚೋರ್ಲಾ ಘಾಟಿ ಹತ್ತಿ ಬಂದ ದಿನ ಟಿಳಕವಾಡಿಯ ಓಣಿಯಲ್ಲಿ ತಿರುಗಿಸುವಾಗ ಇದೇ ಗರಗರ. ಬೆಳಿಗ್ಗೆ ತಣ್ಣಗಿದ್ದಾಗ ಚಕಾರವಿರಲಿಲ್ಲ. ಆಯಿಲ್ ಬದಲಿಸಿದ್ದರಿಂದಲೇ ನಿಂತಿತು.

ಈ ಡಿಫರೆನ್ಷಿಯಲ್‌ನ ಒಳಗೆ ಎರಡು ಪಂಪುಗಳಿವೆ. ಒಂದನ್ನು ಮುಂದಿನಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ (ಇಂಜಿನ್ನಿನ ಬಲವನ್ನು ಹಿಂದಕ್ಕೆ ಒಯ್ಯುವ ಉದ್ದನೆಯ ದಂಡ) ತಿರುಗಿಸುತ್ತದೆ, ಇನ್ನೊಂದನ್ನು ಹಿಂದಿನ ಚಕ್ರಗಳು. ವೇಗ ಸಮನಾಗಿದ್ದರೆ ಆಯಿಲ್ ಸುಮ್ಮನೆ ಸುತ್ತುತ್ತಿರುತ್ತದೆ. ಮುಂದಿನ ಚಕ್ರ ಕೆಸರಿನಲ್ಲಿ ಜಾರಿ ಹೆಚ್ಚು ತಿರುಗಿತೆಂದರೆ ಒತ್ತಡ ಏರಿ ಕ್ಲಚ್ ಪ್ಲೇಟುಗಳನ್ನು ಅದುಮುತ್ತದೆ, ಹಿಂದಿನ ಚಕ್ರಗಳಿಗೂ ಎಳೆತ ಬರುತ್ತದೆ. ಬಿಗಿ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸುತ್ತಬೇಕು, ಆದ್ದರಿಂದ ಆಗಲೂ ಪ್ಲೇಟುಗಳು ತುಸು ಒತ್ತಿಕೊಳ್ಳುತ್ತವೆ. ಆಯಿಲ್ ಚೆನ್ನಾಗಿದ್ದರೆ ನಯವಾಗಿ ಜಾರುತ್ತವೆ. ಹಳತಾಗಿದ್ದರೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ನಡುಗುತ್ತವೆ. ನಿಮಗೆ ಕೇಳಿಸುತ್ತಿರುವುದು ಅದೇ ಇರಬೇಕು.

ಹೋಂಡಾದ ಡ್ಯುಯಲ್ ಪಂಪ್ ಫ್ಲುಯಿಡ್ 2 ಮಾತ್ರ ಹಾಕಿಸಿ. ಹಿಡಿಯುವುದು ಒಂದು ಲೀಟರಿನ ಆಸುಪಾಸು. 90 ನಂಬರಿನ ಗೇರ್ ಆಯಿಲ್ ಸಾಕು ಎಂದು ಯಾರೇ ಹೇಳಿದರೂ ಖಂಡಿತ ಬೇಡವೆನ್ನಿ, ಅದು ಈ ಪ್ಲೇಟುಗಳಿಗೆ ಆಗಿಬರುವುದಿಲ್ಲ. ಕೆಳಗಿನ ಡ್ರೇನ್ ಪ್ಲಗ್‌ಗೆ ಕೈ ಹಾಕುವ ಮೊದಲು ತುಂಬುವ ಪ್ಲಗ್ ಬಿಚ್ಚಿಕೊಳ್ಳುತ್ತದೆಯೇ ನೋಡಿ. ಅದು ತುಕ್ಕು ಹಿಡಿದು ಕುಳಿತಿದ್ದರೆ, ಆಯಿಲ್ ಇಳಿಸಿದ ಮೇಲೆ ತುಂಬಲು ದಾರಿಯೇ ಇರುವುದಿಲ್ಲ. ಎರಡಕ್ಕೂ 3/8 ಇಂಚಿನ ಚೌಕ ಮೊನೆಯ ಹಿಡಿ ಬೇಕು. ಹೊಸ ವಾಷರ್ ಹಾಕಿಸಿ, ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ ತೂತಿನಿಂದ ಹೊರಚೆಲ್ಲುವವರೆಗೆ ತುಂಬಿಸಿ. ಆಮೇಲೆ ಬಯಲಿನಲ್ಲಿ ಎಡಕ್ಕೂ ಬಲಕ್ಕೂ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹಾಕಿ. ಪ್ಲೇಟುಗಳ ನಡುವೆ ಹಳೆಯ ಆಯಿಲ್ ಉಳಿದಿರುತ್ತದೆ. ಸದ್ದು ತಗ್ಗಿಯೂ ಪೂರ್ತಿ ಹೋಗದಿದ್ದರೆ ಇನ್ನೊಮ್ಮೆ ಬದಲಿಸಿ.

ಇಳಿಸಿದ ಆಯಿಲನ್ನು ಬಿಳಿ ಬಟ್ಟೆಯ ಮೇಲೆ ಹರಡಿ ನೋಡಿ. ಬರೀ ಕಪ್ಪಾಗಿದ್ದರೆ ಗಾಬರಿ ಬೇಡ. ಲೋಹದ ಚೂರುಗಳು ಕಂಡರೆ ಗ್ಯಾರೇಜಿನವರ ಮಾತಿನಲ್ಲಿ ಹುರುಳಿದೆ, ಬಿಚ್ಚಿಸಲೇಬೇಕು.

ವಿಜಯಪುರದಿಂದ:
ನಮ್ಮದರಲ್ಲಿ ಕ್ಲಚ್ ನಿಜವಾಗಿಯೂ ಸುಟ್ಟಿತ್ತು, ಬದಲಿಸಿದೆವು. ಹಿಂದಿನ ಮಾಲೀಕರು ಹಿಂದೆ ಎರಡು ಹೊಸ ಟೈರ್ ಹಾಕಿಸಿ, ಮುಂದೆ ಸವೆದವನ್ನೇ ಬಿಟ್ಟಿದ್ದರು. ಸವೆದ ಟೈರಿನ ಸುತ್ತಳತೆ ಕಡಿಮೆ, ಅಷ್ಟೇ ದೂರಕ್ಕೆ ಅದು ಹೆಚ್ಚು ಸುತ್ತು ತಿರುಗಬೇಕು. ಸೊಲ್ಲಾಪುರದ ನೇರ ರಸ್ತೆಯಲ್ಲೂ ಕ್ಲಚ್ ಬಿಡುವಿಲ್ಲದೆ ಉಜ್ಜಿಕೊಂಡು ಬಿಸಿಯಾಗುತ್ತಿತ್ತು. ನಾಲ್ಕೂ ಟೈರ್ ಒಂದೇ ಅಳತೆ, ಒಂದೇ ಸವೆತದವು ಇಲ್ಲದಿದ್ದರೆ ಹೊಸ ಕ್ಲಚ್ಚಿಗೂ ಅದೇ ಗತಿ. ಎರೆಮಣ್ಣಿನ ದಾರಿಯಲ್ಲಿ ಮಳೆಗಾಲಕ್ಕೆ ಈ ಗಾಡಿಯನ್ನು ನಂಬಿದವರು ಟೈರಿನಲ್ಲಿ ಉಳಿತಾಯ ನೋಡಬಾರದು.

ಬಾಗಲಕೋಟೆಯಿಂದ:
ನಾನು ಗ್ಯಾರೇಜಿನ ಕೆಲಸದವನು. ಮೇಲಿನ ಇಬ್ಬರ ಮಾತೂ ಸರಿ. ಬಿಚ್ಚಿಸುವುದೇ ಆದರೆ ಪ್ರೊಪೆಲ್ಲರ್ ಶಾಫ್ಟ್ ಕಳಚುವ ಮುನ್ನ ಜೋಡಣೆಯ ಎರಡೂ ಬದಿಗೆ ಗುರುತು ಹಾಕಬೇಕು. ಅದೇ ಸ್ಥಾನಕ್ಕೆ ಕೂರದಿದ್ದರೆ ವೇಗದಲ್ಲಿ ಅದುರು ಶುರುವಾಗುತ್ತದೆ. ಪ್ಲೇಟುಗಳನ್ನು ತೆಗೆದ ಕ್ರಮದಲ್ಲೇ ಜೋಡಿಸಿಡಿ, ಹೊಸವನ್ನು ಹೊಸ ಆಯಿಲಿನಲ್ಲಿ ನೆನೆಸಿಯೇ ಕೂರಿಸಿ. ಶಿಮ್‌ಗಳು, ಅಂದರೆ ಸಂದು ಸರಿಹೊಂದಿಸುವ ತೆಳು ಬಿಲ್ಲೆಗಳು, ಇದ್ದ ಜಾಗಕ್ಕೇ ಮರಳಬೇಕು.

ಇನ್ನೊಂದು ಮಾತು, ಜೀವಕ್ಕೆ ಸಂಬಂಧಿಸಿದ್ದು. ಸದ್ದು ಹುಡುಕಲೆಂದು ಎರಡೇ ಚಕ್ರಗಳನ್ನು ಜ್ಯಾಕಿನ ಮೇಲೆ ಎತ್ತಿ ಇಂಜಿನ್ ಚಾಲೂ ಮಾಡಿ ಗೇರಿಗೆ ಹಾಕಕೂಡದು. ಎತ್ತಿದ ಚಕ್ರ ತಿರುಗಿದಾಗ ನೆಲದ ಮೇಲಿನ ಚಕ್ರಗಳಿಗೂ ಎಳೆತ ಹೋಗಿ ಗಾಡಿ ಜ್ಯಾಕಿನಿಂದ ಜಿಗಿಯಬಹುದು. ಕೆಟ್ಟು ನಿಂತಾಗ ಎಳೆದೊಯ್ಯುವುದಾದರೂ ನಾಲ್ಕೂ ಚಕ್ರಗಳನ್ನು ಮೇಲಿಟ್ಟು ಸಾಗಿಸುವ ವಾಹನವನ್ನೇ ಕರೆಸಿ. ನಿಮ್ಮ ಗ್ಯಾರೇಜಿನವರಿಗೆ ಇವೆರಡನ್ನೂ ಮೊದಲೇ ಹೇಳಿಬಿಡಿ.