ಟೈಟಾನಿಯಂ ರೇಜರ್ ತರಿಸಲಾ, ಇರುವುದೇ ಸಾಕಾ?

ಬನಶಂಕರಿ ಬ್ರಷ್:
ನಮಸ್ಕಾರ. ನಾನು ಬ್ರಷ್, ಸೋಪು, ಎರಡಂಚಿನ ಬ್ಲೇಡಿನ ಹಳೇ ಕಾಲದ ಗಿರಾಕಿ. ಸದ್ಯಕ್ಕೆ ಕೈಯಲ್ಲಿರುವುದು ಕ್ರೋಮ್ ಬಳಿದ ಸಾಧಾರಣ ರೇಜರ್. ಭಾವಮೈದ ದೀಪಾವಳಿಗೆ ಟೊರಾಂಟೊದಿಂದ ಬರುತ್ತಿದ್ದಾನೆ. ಹೆನ್ಸನ್ ರೇಜರ್ ಕೆನಡಾದ್ದೇ, ತರಲಾ ಅಂತ ಕೇಳುತ್ತಿದ್ದಾನೆ. ಅಲ್ಯೂಮಿನಿಯಂದು ಎಎಲ್13, ಟೈಟಾನಿಯಂದು ಟಿಐ22. ಎರಡನೆಯದಕ್ಕೆ ಸುಮಾರು ಮೂರು ಪಟ್ಟು ಬೆಲೆ! ನನ್ನ ತೊಂದರೆ ಒಂದೇ: ಗಂಟಲ ಹತ್ತಿರ ಕೂದಲು ಬೆಳೆಯುವ ದಿಕ್ಕಿಗೆ ಉಲ್ಟಾ ಎಳೆದರೆ ಉರಿ, ಮಾರನೇ ದಿನ ಕೆಂಪು ಗುಳ್ಳೆ. ದುಡ್ಡು ಸುರಿದರೆ ಇದು ನಿಲ್ಲುತ್ತದಾ?

ಗಡ್ಡಪ್ಪ:
ಗಡ್ಡ ಬಿಟ್ಟುಬಿಡಿ ಸರ್. ಭಾವಮೈದನಿಗೆ ಚಾಕೊಲೇಟ್ ತರಲು ಹೇಳಿ, ಮಕ್ಕಳಾದರೂ ಖುಷಿಪಡುತ್ತಾರೆ.

ಪೀಣ್ಯ ಟೂಲ್‌ರೂಮ್:
ನಾನು ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕೆತ್ತುವ ಮಷೀನಿನ ಮುಂದೆ ನಿಂತು ಅನ್ನ ಸಂಪಾದಿಸುವವನು. ಹಾಗಾಗಿ ರೇಜರನ್ನೂ ಮಷೀನಿಗೆ ಬಂದ ಒಂದು ಜಾಬ್ ಥರವೇ ನೋಡುತ್ತೇನೆ.

ಕೂದಲು ಕತ್ತರಿಸುವುದು ಬ್ಲೇಡು. ಅದು ಟೈಟಾನಿಯಂ ರೇಜರ್‌ಗೂ ಅದೇ, ನಿಮ್ಮ ಕ್ರೋಮ್ ರೇಜರ್‌ಗೂ ಅದೇ. ಕೆಲವೇ ರೂಪಾಯಿಯ ಮಾಲು. ರೇಜರ್‌ನ ಕೆಲಸ ಅದನ್ನು ಅಲುಗದ ಹಾಗೆ ಹಿಡಿದುಕೊಳ್ಳುವುದು. ಬ್ಲೇಡಿನ ದಪ್ಪ 0.1 ಮಿಲಿಮೀಟರ್. ಮೇಲಿನ ಮುಚ್ಚಳ, ಕೆಳಗಿನ ಪ್ಲೇಟು ಎರಡರ ನಡುವೆ ಅದನ್ನು ಬಗ್ಗಿಸಿ ಬಿಗಿದಾಗಲೇ ಬಿಗಿ ಬರುವುದು. ಹಿಡಿತದಿಂದ ಅಂಚು ಜಾಸ್ತಿ ಹೊರಗಿದ್ದರೆ ಒರಟು ಕೂದಲು ಸಿಕ್ಕಾಗ ಅದುರುತ್ತದೆ. ಆ ಅದುರುವಿಕೆಯೇ ನಿಮ್ಮ ಗಂಟಲಿನ ಉರಿಗೆ ಒಂದು ಕಾರಣ ಇರಬಹುದು.

ಈಗಲೇ ಒಂದು ಪರೀಕ್ಷೆ ಮಾಡಿ. ಹೊಸ ಬ್ಲೇಡು ಹಾಕಿ ಬಿಗಿ ಮಾಡಿ. ರೇಜರ್ ತಲೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ಅಂಚಿನ ಕಡೆಯಿಂದ ನೋಡಿ. ಎರಡೂ ಬದಿಯಲ್ಲಿ ಮುಚ್ಚಳದಾಚೆ ಇಣುಕುವ ಬ್ಲೇಡು ಸಮ ಇದೆಯಾ? ಒಂದು ಕಡೆ ಕೂದಲೆಳೆಯಷ್ಟು ಗೆರೆ, ಇನ್ನೊಂದು ಕಡೆ ದಪ್ಪ ಗೆರೆ ಕಂಡರೆ ಬ್ಲೇಡು ವಾರೆ ಕೂತಿದೆ ಅಂತ. ಸಡಿಲಿಸಿ, ಬೆರಳಲ್ಲಿ ಸರಿಪಡಿಸಿ ಮತ್ತೆ ಬಿಗಿಯಿರಿ. ಎರಕ ಹೊಯ್ದ ಸತುವಿನ ರೇಜರ್‌ಗಳಲ್ಲಿ ಇದು ಸಾಮಾನ್ಯ. ಮೇಲಿನ ಕ್ರೋಮ್ ಪ್ಲೇಟಿಂಗ್ ಎದ್ದರಂತೂ ಒಳಗಿನ ಸತುವನ್ನು ತುಕ್ಕು ತಿನ್ನುತ್ತದೆ, ತಿರುಪಿನ ಥ್ರೆಡ್ಡು ಕಿತ್ತುಬರುತ್ತದೆ.

ಹೆನ್ಸನ್‌ನವರು ವಿಮಾನದ ಬಿಡಿಭಾಗ ಮಾಡುತ್ತಿದ್ದವರು. ಅವರ ರೇಜರ್‌ನಲ್ಲಿ ಬ್ಲೇಡು ಹೊರಗಿಣುಕುವುದು ಇಂಚಿನ ಸಾವಿರದಲ್ಲಿ ಒಂದು ಭಾಗಕ್ಕಿಂತ ಚೂರು ಜಾಸ್ತಿ, ಅಷ್ಟೇ. ಎರಕದಲ್ಲಿ ಅಷ್ಟು ಬಿಗಿ ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವ ಮಿತಿ) ಹಿಡಿಯುವುದು ಕಷ್ಟ, ಕೆತ್ತಲೇಬೇಕು. ಆ ದುಡ್ಡು ನ್ಯಾಯವಾದದ್ದು ಅಂತ ನನ್ನ ಲೆಕ್ಕ.

ಟೈಟಾನಿಯಂ ಮಾತ್ರ ಬೇರೆ ಕಥೆ. ಅದನ್ನು ಕೆತ್ತುವಾಗ ಬಿಸಿ ಕೆತ್ತಿ ಬೀಳುವ ಲೋಹದ ಚೂರಿನ ಜೊತೆ ಹೋಗುವುದಿಲ್ಲ, ಟೂಲಿನ ತುದಿಯಲ್ಲೇ ಕೂರುತ್ತದೆ. ಸ್ಪೀಡ್ ಇಳಿಸಬೇಕು, ಟೂಲಿನ ಕತ್ತರಿಸುವ ತುದಿಯನ್ನು (ಇನ್ಸರ್ಟ್) ಬೇಗ ಬೇಗ ಬದಲಿಸಬೇಕು. ನೀವು ಕೊಡುವ ಆ ಹೆಚ್ಚಿನ ದುಡ್ಡು ಬಹುಪಾಲು ನನ್ನಂಥವನ ಮಷೀನ್ ಟೈಮಿಗೆ ಸರ್, ನಿಮ್ಮ ಗಂಟಲಿಗಲ್ಲ. ಕೈಗೆ ಸ್ವಲ್ಪ ಜಾಸ್ತಿ ತೂಕ ಸಿಗುತ್ತದೆ, ಅಷ್ಟೇ. ತೂಕ ಇಷ್ಟವಾದರೆ ತಗೊಳ್ಳಿ, ನಾನು ಬೇಡ ಅನ್ನಲ್ಲ.

ಅಂದ ಹಾಗೆ, ಮನೆಗೆ ಯಾವ ನೀರು?

ಸ್ಯಾನ್ ಹೋಸೆ ಸೋಮ:
ಹೈಟೆಕ್ ಅಂದರೆ ಬಿಸಿ ರೇಜರ್ ಅಲ್ವಾ? ಜಿಲೆಟ್ 2019ರಲ್ಲಿ ತಂದಿತ್ತು, 200 ಡಾಲರ್. 50 ಡಿಗ್ರಿವರೆಗೆ ಕಾಯುವ ಪಟ್ಟಿ, ಚಾರ್ಜರ್, ಎಲ್ಲಾ ಇತ್ತು. ಗೆಳೆಯನ ಮನೆಯಲ್ಲಿ ಉಪಯೋಗಿಸಿ ನೋಡಿದೆ. ಹಿತವಾಗಿತ್ತು, ಸುಳ್ಳು ಹೇಳಲ್ಲ.

ಪೀಣ್ಯ ಟೂಲ್‌ರೂಮ್:
ಹಿತ ಇರುತ್ತದೆ ಸೋಮ ಅವರೇ. ಆದರೆ ಬ್ರಷ್ ಇಟ್ಟುಕೊಂಡವನಿಗೆ ಬಿಸಿನೀರಿನ ಮಗ್ ಹೇಗೂ ಪಕ್ಕದಲ್ಲೇ ಇರುತ್ತದೆ. ಮೇಲಾಗಿ ಆ ಬಿಸಿ ರೇಜರ್‌ನ ತಲೆ ಐದು ಬ್ಲೇಡಿನ ಕಾರ್ಟ್ರಿಜ್. ಒಂದೇ ಎಳೆತಕ್ಕೆ ಚರ್ಮದ ಮೇಲೆ ಐದು ಸಲ ಹಾಯುತ್ತದೆ. ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ತುಂಡಾಗಿ ಒಳಗೇ ಬೆಳೆಯುವ ಗುಳ್ಳೆ ಸಮಸ್ಯೆಯವರಿಗೆ ನಾನಂತೂ ಅದನ್ನು ಹೇಳಲ್ಲ.

ಬನಶಂಕರಿ ಬ್ರಷ್:
ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಒಂದು ಬದಿ ಸ್ಪಷ್ಟವಾಗಿ ಜಾಸ್ತಿ ಹೊರಗಿದೆ. ಸರಿಪಡಿಸಿ ಬಿಗಿದರೂ ತಿರುಗಿ ಅಲ್ಲಿಗೇ ಬರುತ್ತದೆ. ನೀರು ಬೋರ್‌ವೆಲ್ ಸರ್. ಕಾವೇರಿ ವಾರಕ್ಕೆರಡು ಸಲ ಬರುತ್ತದೆ, ಅದು ಅಡುಗೆಗೆ.

ಪೀಣ್ಯ ಟೂಲ್‌ರೂಮ್:
ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಗಡಸು ನೀರಿನ ಸುಣ್ಣದಂಶ ಸೋಪಿನ ಜೊತೆ ಸೇರಿ ಗಸಿಯಾಗುತ್ತದೆ. ಮಗ್ಗಿನಲ್ಲಿ ಹಾಲು ಒಡೆದ ಹಾಗೆ ಕಾಣುವುದು ಅದೇ. ನೊರೆ ಬೇಗ ಒಣಗಿ, ರೇಜರ್ ಜಾರುವ ಬದಲು ಕೆರೆಯುತ್ತದೆ. ಬ್ರಷ್ ನೆನೆಸಲು, ನೊರೆ ಕಟ್ಟಲು ಕಾವೇರಿಯದ್ದೋ ಆರ್‌ಒದ್ದೋ ಒಂದು ಲೋಟ ನೀರು ಬಿಸಿ ಮಾಡಿಕೊಳ್ಳಿ. ಮುಖ ತೊಳೆಯಲು ಬೋರ್ ನೀರೇ ಇರಲಿ. ಗುಳ್ಳೆ ಇಳಿಯುವವರೆಗೆ ಗಂಟಲಲ್ಲಿ ಉಲ್ಟಾ ಎಳೆಯಬೇಡಿ, ಅಡ್ಡಕ್ಕೆ ಸಾಕು.

ರೇಜರ್ ವಾರೆ ಇರುವುದು ಖಚಿತವಾದ ಮೇಲೆ ಬದಲಿಸಲೇಬೇಕು. ಅಲ್ಯೂಮಿನಿಯಂದೇ ತರಿಸಿ. ಅದರಲ್ಲಿ ಮೈಲ್ಡ್, ಮೀಡಿಯಂ ಅಂತೆಲ್ಲ ಬರುತ್ತದೆ, ಮೈಲ್ಡ್ ಅಂತ ಒತ್ತಿ ಹೇಳಿ. ಬ್ಲೇಡು ಅಲ್ಲಿಂದ ಬೇಡವೇ ಬೇಡ, ಇಲ್ಲೇ ಅಗ್ಗ. ತಂದರೂ ಹ್ಯಾಂಡ್ ಬ್ಯಾಗಿನಲ್ಲಿ ಇಡಬೇಡ ಅನ್ನಿ, ಸೆಕ್ಯೂರಿಟಿಯವರು ಕಿತ್ತುಕೊಳ್ಳುತ್ತಾರೆ.

ಬನಶಂಕರಿ ಬ್ರಷ್:
ಮೈಲ್ಡ್ ಅಂತ ಮೆಸೇಜ್ ಹಾಕಿದೆ. ಉಳಿದ ದುಡ್ಡಿಗೆ ಚಾಕೊಲೇಟ್ ತರುತ್ತೇನೆ ಅಂದ. ಗಡ್ಡಪ್ಪನವರಿಗೆ ಸಮಾಧಾನ ಆಯ್ತಾ?